ತವರಿನ ಹೆಸರಿಲ್ಲದ ಅಜ್ಜಿ

ಪ್ರಶ್ನೆ: ನಾನು ದಾವಣಗೆರೆಯವಳು. ಮದುವೆಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಬಂದು ಹದಿನಾರು ವರ್ಷವಾಯಿತು. ಗಂಡನ ಮನೆಯವರು ತಲೆತಲಾಂತರದಿಂದ ಆಗಸ್ಟಾ ಕಡೆಯವರು. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ದೊಡ್ಡ ಬೈಬಲ್ ಸಿಕ್ಕಿತು. ಮಧ್ಯದ ಹಾಳೆಗಳಲ್ಲಿ ಮನೆಯವರ ಹುಟ್ಟು, ಮದುವೆ, ಸಾವು ಬರೆದಿದೆ. ಅದರಲ್ಲಿ ಅತ್ತೆಯವರ ಮುತ್ತಜ್ಜಿಯೊಬ್ಬರು ಇದ್ದಾರೆ. 1831ರಲ್ಲಿ ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್‌ನಲ್ಲಿ ಹುಟ್ಟಿದವರು, 1849ರಲ್ಲಿ ಮದುವೆ, ಏಳು ಮಕ್ಕಳು. ಗಂಡ 1863ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ತೀರಿಕೊಂಡರು, ಈಕೆ ಬದುಕಿದ್ದು 1904ರವರೆಗೆ. ಆದರೆ ತವರುಮನೆಯ ಹೆಸರು ಎಲ್ಲೂ ಇಲ್ಲ. ಅಪ್ಪ ಅಮ್ಮ ಯಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಯ ಹಾಳೆಯಲ್ಲಿ ಬೇರೆ ಶಾಯಿಯಲ್ಲಿ ಇನ್ನೂ ಎರಡು ಹೆಸರಿವೆ, ಒಂದು ಹುಡುಗಿಯದು 1856ರ ಮಾರ್ಚ್, ಒಂದು ಹುಡುಗನದು 1859. ಅವಕ್ಕೆ ಮನೆತನದ ಹೆಸರಿಲ್ಲ, ಏಳು ಮಕ್ಕಳ ಲೆಕ್ಕಕ್ಕೂ ಸೇರುವುದಿಲ್ಲ. ನನ್ನ ಮಗಳು ಶಾಲೆಗೆ ವಂಶವೃಕ್ಷ ಬರೆಯಬೇಕು, ಇವರೆಲ್ಲ ಯಾರು ಎಂದು ಕೇಳುತ್ತಿದ್ದಾಳೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬೈಬಲಿನಿಂದಲೇ ಶುರು ಮಾಡಿ. ಕಂಪ್ಯೂಟರ್ ಆಮೇಲೆ ನೋಡೋಣ. ಹೆಸರು ಹಾಕಿದ ಕೂಡಲೇ ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿಟ್ಟ ವಂಶವೃಕ್ಷ ಎದುರಿಗೆ ಬರುತ್ತದೆ. ಅದನ್ನು ನೋಡಿದರೆ ನಿಮ್ಮ ಕೈಯಲ್ಲಿರುವ ಮೂಲ ಕಾಗದವನ್ನು ಹೊಸ ಕಣ್ಣಿನಿಂದ ಓದಲು ಆಗುವುದೇ ಇಲ್ಲ.

ಮೊದಲು ಬೈಬಲಿನ ಮುಖಪುಟ ತೆಗೆದು ಅಚ್ಚಾದ ವರ್ಷ ನೋಡಿ. ಅದು 1870ರಲ್ಲಿ ಅಚ್ಚಾಗಿದ್ದು, ಮೊದಲ ನಮೂದು 1831ರದ್ದಾಗಿದ್ದರೆ, ಹಳೆಯ ವಿವರಗಳನ್ನೆಲ್ಲ ಯಾರೋ ನೆನಪಿನಿಂದಲೋ ಇನ್ನೊಂದು ಪುಸ್ತಕದಿಂದಲೋ ಒಂದೇ ಸಲ ಕೂತು ಬರೆದಿದ್ದಾರೆ ಎಂದರ್ಥ. ಆಗ ಅಲ್ಲಿರುವ ತಾರೀಕುಗಳನ್ನು ಅಷ್ಟರ ಮಟ್ಟಿಗೆ ಮಾತ್ರ ನಂಬಬೇಕು. ಶಾಯಿಯ ಬಣ್ಣ, ಅಕ್ಷರದ ಓಟ ಮಕ್ಕಳಿಂದ ಮಕ್ಕಳಿಗೆ ಬದಲಾಗುತ್ತಾ ಹೋಗಿದ್ದರೆ, ಹುಟ್ಟಿದಾಗ ಹುಟ್ಟಿದಾಗಲೇ ಬರೆದಿದ್ದು ಎಂದು ಧೈರ್ಯವಾಗಿ ಹೇಳಬಹುದು. ಹರಿದ ಹಾಳೆಯ ಅಂಚು ಇದೆಯೇ ಎಂದೂ ನೋಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೈನಿಕರ ವಿಧವೆಯರು ಪಿಂಚಣಿ ಕೇಳುವಾಗ ಮದುವೆಗೆ ಪುರಾವೆಯೆಂದು ಬೈಬಲಿನ ಹಾಳೆಗಳನ್ನೇ ಹರಿದು ವಾಷಿಂಗ್ಟನ್ನಿಗೆ ಕಳಿಸಿದ್ದುಂಟು. ಆ ಹಾಳೆಗಳು ಇವತ್ತಿಗೂ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿ ಕೂತಿವೆ.

ಪ್ರತಿ ಹಾಳೆಯ ಫೋಟೋ ತೆಗೆಯಿರಿ, ಖಾಲಿ ಹಾಳೆಯನ್ನೂ ಬಿಡಬೇಡಿ. ಆ ಕೊನೆಯ ಹಾಳೆಯನ್ನು ಎರಡು ಸಲ ತೆಗೆಯಿರಿ. ಅದರ ವಿಷಯಕ್ಕೆ ಕೊನೆಗೆ ಬರುತ್ತೇನೆ.

ಈಗ ತವರಿನ ಹೆಸರು ಯಾಕಿಲ್ಲ ಎಂಬ ವಿಷಯ. ಮನೆಯವರು ಮರೆತದ್ದರಿಂದ ಹೀಗಾಯಿತು ಎಂದುಕೊಳ್ಳಬೇಡಿ. ಆ ಕಾಲದ ಕಾನೂನೇ ಹಾಗಿತ್ತು. ಇಂಗ್ಲೆಂಡಿನಿಂದ ಬಂದ ರೂಢಿಯ ಕಾನೂನು, ಅಂದರೆ ಕಾಮನ್ ಲಾ ಪ್ರಕಾರ ಮದುವೆಯಾದ ಹೆಣ್ಣು ಗಂಡನೊಳಗೆ ಸೇರಿಹೋದಂತೆ. ಅವಳ ಒಡವೆ, ದನಕರು, ದುಡ್ಡು ಗಂಡನದ್ದು. ಅವಳು ತಾನಾಗಿ ಕರಾರು ಬರೆಯುವ ಹಾಗಿಲ್ಲ, ದಾವೆ ಹೂಡುವ ಹಾಗಿಲ್ಲ, ಸಾಮಾನ್ಯವಾಗಿ ಉಯಿಲು ಬರೆಯುವ ಹಾಗೂ ಇಲ್ಲ. ಮಿಸಿಸಿಪ್ಪಿ ರಾಜ್ಯ 1839ರಲ್ಲಿ ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು. ಜಾರ್ಜಿಯಾದಲ್ಲಿ ಹೆಂಡತಿಯ ಆಸ್ತಿ ಹೆಂಡತಿಯದೇ ಎಂಬ ಕಾನೂನು ಬಂದದ್ದು 1866ರಲ್ಲಿ, ನಿಮ್ಮ ಅಜ್ಜಿ ವಿಧವೆಯಾಗಿ ಮೂರು ವರ್ಷವಾದ ಮೇಲೆ. ಹೀಗಾಗಿ ಸರ್ಕಾರಿ ಕಾಗದದಲ್ಲಿ ಆಕೆಯ ಹೆಸರನ್ನು ನೇರವಾಗಿ ಹುಡುಕಿದರೆ ಸಿಗುವುದು ಅಪರೂಪ. ಆಕೆಯ ಸುತ್ತ ಗಂಡಸರು ಸತ್ತಾಗಲೇ ಆಕೆಯ ಹೆಸರು ಕಾಗದಕ್ಕೆ ಬರುತ್ತದೆ. ಅಪ್ಪ ಸತ್ತಾಗ ಒಂದು ಸಲ, ಗಂಡ ಸತ್ತಾಗ ಒಂದು ಸಲ. ಹೇಳಲು ಸಂಕಟವಾಗುತ್ತದೆ, ಆದರೆ ಇಷ್ಟು ವರ್ಷದ ಹುಡುಕಾಟದಲ್ಲಿ ನನಗೆ ಇದಕ್ಕಿಂತ ಗಟ್ಟಿಯಾದ ದಾರಿ ಸಿಕ್ಕಿಲ್ಲ. ನೀವು ಹುಡುಕುತ್ತಿರುವುದು ಒಬ್ಬ ಹೆಂಗಸನ್ನೇ ಆದರೂ ಓದಬೇಕಾದ್ದು ಆಕೆಯ ಅಪ್ಪ, ಅಣ್ಣತಮ್ಮಂದಿರು, ಗಂಡ, ಮೈದುನರ ಕಾಗದಗಳನ್ನು.

ಜನಗಣತಿಯಿಂದ ಚೌಕಟ್ಟು ಹಾಕಿಕೊಳ್ಳಿ. 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ವಯಸ್ಸಿನ ಕಾಲಮ್ಮಿನಲ್ಲಿ ಬರೀ ಗೀಟುಗಳು. 1831ರಲ್ಲಿ ಹುಟ್ಟಿದ ನಿಮ್ಮ ಅಜ್ಜಿ 1840ರಲ್ಲಿ ಎಡ್ಜ್‌ಫೀಲ್ಡ್‌ನ ಯಾವುದೋ ಮನೆಯ ‘ಐದರಿಂದ ಹತ್ತು ವರ್ಷದೊಳಗಿನ ಹೆಣ್ಣು’ ಎಂಬ ಕಾಲಮ್ಮಿನಲ್ಲಿ ಒಂದು ಗೀಟಾಗಿದ್ದಾರೆ. 1850ರಲ್ಲಿ ಮೊದಲ ಬಾರಿಗೆ ಸ್ವತಂತ್ರ ಜನರೆಲ್ಲರ ಹೆಸರು ಬರೆದರು. ಆ ಹೊತ್ತಿಗೆ ಆಕೆಗೆ ಹತ್ತೊಂಬತ್ತು, ಮದುವೆಯಾಗಿ ಒಂದು ವರ್ಷ, ಹೆಸರಿನ ಮುಂದೆ ಗಂಡನ ಮನೆತನ. ತವರಿನ ಹೆಸರಿನಲ್ಲಿ ಆಕೆಯನ್ನು ತೋರಿಸಬಹುದಾಗಿದ್ದ ಗಣತಿ ಒಂದೇ ವರ್ಷದ ಅಂತರದಲ್ಲಿ ಕೈತಪ್ಪಿದೆ.

ಆದರೂ 1850ರ ಹಾಳೆಯನ್ನು ಬಿಡಬೇಡಿ. ಗಣತಿಯವರು ಮನೆಯಿಂದ ಮನೆಗೆ ನಡೆದುಕೊಂಡು ಹೋಗಿ ಬರೆದದ್ದು. ಹೊಸದಾಗಿ ಮದುವೆಯಾದವರು ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರ ಅಪ್ಪನ ಜಮೀನಿನ ಅಂಚಿನಲ್ಲೇ ಸಂಸಾರ ಹೂಡುತ್ತಿದ್ದರು. ಹಿಂದಿನ ಹತ್ತು ಮನೆ, ಮುಂದಿನ ಹತ್ತು ಮನೆಗಳ ಯಜಮಾನರ ಹೆಸರು ಬರೆದುಕೊಳ್ಳಿ. ಐವತ್ತರ ಆಸುಪಾಸಿನ ಯಜಮಾನರು ಯಾರಿದ್ದಾರೆ ನೋಡಿ. ಆಮೇಲೆ ಆಕೆಯ ಏಳು ಮಕ್ಕಳ ಪೂರ್ತಿ ಹೆಸರುಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಒಂದು ಒಳ್ಳೆಯ ರೂಢಿಯಿತ್ತು, ತಾಯಿಯ ತವರಿನ ಮನೆತನದ ಹೆಸರನ್ನು ಮಗನಿಗೋ ಮಗಳಿಗೋ ನಡುವಿನ ಹೆಸರಾಗಿ, ಕೆಲವೊಮ್ಮೆ ಮೊದಲ ಹೆಸರಾಗಿಯೇ ಇಡುವುದು. ಮದುವೆಯಾದವಳೇ ತವರಿನ ಹೆಸರನ್ನು ನಡುವೆ ಉಳಿಸಿಕೊಂಡದ್ದೂ ಉಂಟು. ಆ ಕಾಲದಲ್ಲಿ ಡೈರಿ ಬರೆದಿಟ್ಟ ಆಗಸ್ಟಾದ ಗರ್ಟ್ರೂಡ್ ಥಾಮಸ್ ಅವರ ಹೆಸರನ್ನೇ ನೋಡಿ, ಎಲ್ಲಾ ಗರ್ಟ್ರೂಡ್ ಕ್ಲ್ಯಾಂಟನ್ ಥಾಮಸ್. ನಡುವಿನ ಕ್ಲ್ಯಾಂಟನ್ ಅವರ ತವರು. ನಿಮ್ಮ ಬೈಬಲಿನ ಮಕ್ಕಳಲ್ಲಿ ಯಾರಿಗಾದರೂ ನಡುವೆ ಒಂದು ವಿಚಿತ್ರವಾದ, ಮನೆತನದ ಹೆಸರಿನಂತೆ ಕೇಳಿಸುವ ಪದವಿದ್ದು, ಅದೇ ಪದ 1850ರ ನೆರೆಮನೆಯವರ ಮನೆತನವೂ ಆಗಿದ್ದರೆ ಹುಡುಕಾಟಕ್ಕೆ ಒಂದು ಎಳೆ ಸಿಕ್ಕಿತು. ಅದಿನ್ನೂ ಪುರಾವೆಯಲ್ಲ. ಪುರಾವೆ ಸಿಗಬೇಕಾದ್ದು ಕೋರ್ಟಿನ ಕಾಗದದಲ್ಲಿ.

ಹಾಗೆಯೇ ಅಡ್ಡಹೆಸರುಗಳು. ಮಾರ್ಥಾ ಎಂಬವಳು ಪ್ಯಾಟ್ಸಿ, ಮೇರಿ ಎಂಬವಳು ಪಾಲಿ, ಸಾರಾ ಎಂಬವಳು ಸ್ಯಾಲಿ, ಮಾರ್ಗರೆಟ್ ಎಂಬವಳು ಪೆಗ್ಗಿ. ನಮ್ಮಲ್ಲಿ ಲಕ್ಷ್ಮೀದೇವಮ್ಮ ದಾಖಲೆಯಲ್ಲಿ ಲಚ್ಚಮ್ಮ ಆಗುವ ಹಾಗೆ. ಒಂದೇ ಹೆಂಗಸು ಅಪ್ಪನ ಉಯಿಲಿನಲ್ಲಿ ಪ್ಯಾಟ್ಸಿ, ಗಣತಿಯಲ್ಲಿ ಮಾರ್ಥಾ, ಗೋರಿಕಲ್ಲಿನ ಮೇಲೆ ಬರೀ ‘ತಾಯಿ’ ಆಗಿರಬಹುದು.

1900ರ ಗಣತಿಯನ್ನು ತಪ್ಪದೆ ನೋಡಿ. ಆಕೆ 1904ರವರೆಗೆ ಇದ್ದುದರಿಂದ ಅದರಲ್ಲಿ ಸಿಗಬೇಕು, ಬಹುಶಃ ಯಾವುದೋ ಮಗ ಅಥವಾ ಅಳಿಯನ ಮನೆಯಲ್ಲಿ. ಆ ವರ್ಷ ಹುಟ್ಟಿದ ತಿಂಗಳು ಮತ್ತು ವರ್ಷ ಕೇಳಿದರು. ಹೆಂಗಸರನ್ನು ಇನ್ನೂ ಎರಡು ಪ್ರಶ್ನೆ ಕೇಳಿದರು, ಎಷ್ಟು ಮಕ್ಕಳನ್ನು ಹೆತ್ತಿರಿ, ಈಗ ಎಷ್ಟು ಮಂದಿ ಬದುಕಿದ್ದಾರೆ. ಬೈಬಲಿನಲ್ಲಿ ಏಳು ಮಕ್ಕಳಿದ್ದು ಅಲ್ಲಿ ಒಂಬತ್ತು ಎಂದು ಬರೆದಿದ್ದರೆ, ಹೆಸರಿಡುವ ಮೊದಲೇ ಹೋದ ಎರಡು ಕೂಸುಗಳನ್ನು ಆಕೆ ಮರೆತಿರಲಿಲ್ಲ ಎಂದಾಯಿತು. ಐದು ಎಂದಿದ್ದರೆ ಅದು ಬೇರೆ ಕಥೆ. ಮೊದಲಿನ ಮಕ್ಕಳು ಗಂಡನ ಹಿಂದಿನ ಹೆಂಡತಿಯವರೇ ಎಂದು ಆಗ ಕೇಳಿಕೊಳ್ಳಬೇಕು. 1850 ಮತ್ತು 1860ರ ಗಣತಿಗಳಲ್ಲಿ ಮನೆಯೊಳಗಿನ ಸಂಬಂಧವನ್ನು ಬರೆದೇ ಇಲ್ಲ. ಒಂದೇ ಸೂರಿನಡಿ ಇರುವ ಹೆಂಗಸೇ ಆ ಮಕ್ಕಳ ತಾಯಿ ಎಂದುಕೊಂಡು ನಾನೇ ಒಮ್ಮೆ ಮೂರು ತಿಂಗಳು ತಪ್ಪು ಮನೆತನದ ಬೆನ್ನು ಹತ್ತಿದ್ದೆ. ಸಂಬಂಧ ಬರೆಯಲು ಶುರುಮಾಡಿದ್ದು 1880ರಲ್ಲಿ. 1890ರ ಗಣತಿಯನ್ನು ಹುಡುಕಲು ಹೋಗಬೇಡಿ, 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆಯ ಕಟ್ಟಡಕ್ಕೆ ಬೆಂಕಿ ಬಿದ್ದ ಮೇಲೆ ಅದರಲ್ಲಿ ಉಳಿದದ್ದು ತೀರಾ ಕಡಿಮೆ.

ಇನ್ನು ಮದುವೆಯ ದಾಖಲೆ. ದಕ್ಷಿಣ ಕೆರೊಲಿನಾದಲ್ಲಿ 1911ರವರೆಗೆ ಮದುವೆಗೆ ಸರ್ಕಾರಿ ಲೈಸೆನ್ಸೇ ಇರಲಿಲ್ಲ. ನೆರೆಯ ಉತ್ತರ ಕೆರೊಲಿನಾದಲ್ಲಾದರೆ 1868ರವರೆಗೂ ಮದುವೆಗೆ ಮುಂಚೆ ವರ ಒಂದು ಬಾಂಡ್ ಬರೆದುಕೊಡಬೇಕಿತ್ತು, ಅದಕ್ಕೆ ಜಾಮೀನು ನಿಲ್ಲುತ್ತಿದ್ದವನು ಅನೇಕ ಸಲ ಹುಡುಗಿಯ ಅಪ್ಪನೋ ಅಣ್ಣನೋ ಆಗಿರುತ್ತಿದ್ದ. ಎಡ್ಜ್‌ಫೀಲ್ಡ್‌ನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಮದುವೆ ಗೊತ್ತಾಗುವುದು ಪತ್ರಿಕೆಯಿಂದ, ಇಲ್ಲವೇ ಚರ್ಚಿನಿಂದ. ‘ಎಡ್ಜ್‌ಫೀಲ್ಡ್ ಅಡ್ವರ್ಟೈಸರ್’ 1836ರಿಂದ ಹೊರಡುತ್ತಿದ್ದ ಪತ್ರಿಕೆ, ಅದರ ಹಳೆಯ ಸಂಚಿಕೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 1849ರಲ್ಲಿ ಮದುವೆಯಾದ ವಾರದ ಮುಂದಿನ ಒಂದು ತಿಂಗಳ ಸಂಚಿಕೆಗಳನ್ನು ಕಣ್ಣಿನಿಂದಲೇ ಓದಿ. ಹುಡುಕುವ ಯಂತ್ರವನ್ನು ನಂಬಬೇಡಿ, ಮಾಸಿದ ಅಚ್ಚನ್ನು ಅದು ತಪ್ಪಾಗಿ ಓದುತ್ತದೆ. ಬ್ಯಾಪ್ಟಿಸ್ಟ್ ಮನೆತನವಾಗಿದ್ದರೆ ಚರ್ಚಿನ ಸಭಾ ನಡಾವಳಿ ಪುಸ್ತಕ ಕೇಳಿ. ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಸದಸ್ಯರು ಹಳೆಯ ಚರ್ಚಿನಿಂದ ಬೀಳ್ಕೊಡುಗೆ ಪತ್ರ ತರಬೇಕಿತ್ತು, ಹೆಂಗಸರಿಗೂ ಅವರವರ ಹೆಸರಿನಲ್ಲೇ ಕೊಡುತ್ತಿದ್ದರು. ಗಂಡನ ನೆರಳಿಲ್ಲದೆ ಹೆಣ್ಣಿನ ಹೆಸರು ಬರೆದಿಟ್ಟ ಪುಸ್ತಕ ಆ ಕಾಲದಲ್ಲಿ ಚರ್ಚಿನದ್ದೇ. ಜಾರ್ಜಿಯಾದ ಬ್ಯಾಪ್ಟಿಸ್ಟ್ ಚರ್ಚುಗಳ ಇಂಥ ಅನೇಕ ಪುಸ್ತಕಗಳು ಮೇಕನ್ ನಗರದ ಮರ್ಸರ್ ವಿಶ್ವವಿದ್ಯಾಲಯದಲ್ಲಿವೆ.

ಈಗ ಅಪ್ಪನ ಕಡೆಗೆ ಬನ್ನಿ, ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಅಪ್ಪ ಯಾರೆಂದು ಗೊತ್ತಿಲ್ಲದೆ ಅಪ್ಪನ ಉಯಿಲು ಹುಡುಕುವುದು ಹೇಗೆ ಎಂದು ಕೇಳುತ್ತೀರಿ. ಅಳಿಯನ ಹೆಸರಿನಿಂದ ಹುಡುಕಬೇಕು. ಮಾವ ಸತ್ತಾಗ ಹೆಂಡತಿಯ ಪಾಲಿಗೆ ರಸೀದಿ ಬರೆದುಕೊಟ್ಟವನು ಅಳಿಯ. ಎಡ್ಜ್‌ಫೀಲ್ಡ್‌ನ ಆಸ್ತಿ ಹಂಚಿಕೆಯ ಕಾಗದಗಳು ಹದಿನೆಂಟನೇ ಶತಮಾನದ ಕೊನೆಯಿಂದಲೂ ಉಳಿದುಕೊಂಡಿವೆ, ಅದು ನಿಮ್ಮ ಅದೃಷ್ಟ. ದಕ್ಷಿಣದ ಎಷ್ಟೋ ಕಡೆ ಹೀಗಿಲ್ಲ. ವರ್ಜೀನಿಯಾದ ಹಲವು ಕೌಂಟಿಗಳವರು ಯುದ್ಧದಲ್ಲಿ ಹಾಳಾಗದಿರಲಿ ಎಂದು ತಮ್ಮ ದಫ್ತರಗಳನ್ನು ರಿಚ್‌ಮಂಡ್‌ಗೆ ಸಾಗಿಸಿದ್ದರು, 1865ರ ಏಪ್ರಿಲ್‌ನಲ್ಲಿ ರಿಚ್‌ಮಂಡ್ ಉರಿದಾಗ ಅವೂ ಉರಿದುಹೋದವು.

ಅಲ್ಲಿ ಎರಡು ಬಗೆಯ ಕಡತ ಕೇಳಿ. ಒಂದು, ಸತ್ತವರ ಆಸ್ತಿಯ ಕಾಗದಗಳ ಪೊಟ್ಟಣ. ಇನ್ನೊಂದು, ಈಕ್ವಿಟಿ ಕೋರ್ಟಿನ ಪಾಲುಪಟ್ಟಿ ವ್ಯಾಜ್ಯಗಳು. ಮೊದಲನೆಯದಕ್ಕಿಂತ ಎರಡನೆಯದೇ ಮೇಲು ಎನ್ನುತ್ತೇನೆ. ಅಪ್ಪ ಉಯಿಲು ಬರೆಯದೆ ಸತ್ತು ಜಮೀನು ಪಾಲಾಗಬೇಕಾದರೆ ವಾರಸುದಾರರನ್ನೆಲ್ಲ ಕೋರ್ಟಿನ ಮುಂದೆ ಹೆಸರಿಸಲೇಬೇಕು. ಇಂಥವನು ಮತ್ತು ಅವನ ಹೆಂಡತಿ, ಅವಳು ಮೃತನ ಮಗಳು, ಈಗ ಜಾರ್ಜಿಯಾ ರಾಜ್ಯದಲ್ಲಿ ವಾಸ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ರಾಜ್ಯ ಬಿಟ್ಟು ಹೋದ ಮಗಳು ಸಿಗುವುದು ಸಾಮಾನ್ಯವಾಗಿ ಈ ಸಾಲಿನಲ್ಲೇ. ನಿಮ್ಮ ಅಜ್ಜಿಯ ಮನೆಯವರು ಜಾರ್ಜಿಯಾಕ್ಕೆ ಹೋದದ್ದು ಯಾವಾಗ ಎಂದು 1860ರ ಗಣತಿಯಲ್ಲಿ ಮಕ್ಕಳು ಹುಟ್ಟಿದ ರಾಜ್ಯ ನೋಡಿದರೆ ತಿಳಿಯುತ್ತದೆ. ಕೆರೊಲಿನಾದಲ್ಲಿ ಹುಟ್ಟಿದ ಕೊನೆಯ ಕೂಸಿಗೂ ಜಾರ್ಜಿಯಾದಲ್ಲಿ ಹುಟ್ಟಿದ ಮೊದಲ ಕೂಸಿಗೂ ನಡುವೆ ಅವರ ಗಾಡಿ ಎರಡು ರಾಜ್ಯಗಳ ಗಡಿಯಾದ ಸವಾನಾ ನದಿ ದಾಟಿದೆ. ಹುಡುಕುವಾಗ ಇನ್ನೊಂದು ಮಾತು ನೆನಪಿರಲಿ, 1868ರವರೆಗೆ ಅಲ್ಲಿ ಎಡ್ಜ್‌ಫೀಲ್ಡ್ ‘ಡಿಸ್ಟ್ರಿಕ್ಟ್’, ‘ಕೌಂಟಿ’ ಅಲ್ಲ.

ನದಿ ದಾಟುವ ಮುಂಚೆ ಅವರು ಅಲ್ಲಿ ಜಮೀನು ಮಾರಿದ್ದರೆ ಕ್ರಯಪತ್ರದ ಕೆಳಗೆ ನೋಡಿ. ಗಂಡ ಸತ್ತರೆ ಅವನ ಜಮೀನಿನ ಮೂರನೇ ಒಂದು ಭಾಗವನ್ನು ಬದುಕಿರುವವರೆಗೆ ಅನುಭವಿಸುವ ಹಕ್ಕು ಹೆಂಡತಿಗಿತ್ತು, ಅದಕ್ಕೆ ಡವರ್ ಎನ್ನುತ್ತಾರೆ. ನಮ್ಮ ಡೌರಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಗಂಡ ಜಮೀನು ಮಾರಿದಾಗ ಆ ಹಕ್ಕನ್ನು ಬಿಟ್ಟುಕೊಡುತ್ತೇನೆ ಎಂದು ಹೆಂಡತಿಯೇ ಹೇಳಬೇಕು. ಅಧಿಕಾರಿ ಅವಳನ್ನು ಗಂಡನಿಂದ ಬೇರೆಯಾಗಿ ಕರೆದು, ಇದನ್ನು ಯಾರ ಬಲವಂತವೂ ಹೆದರಿಕೆಯೂ ಇಲ್ಲದೆ ಒಪ್ಪುತ್ತೀಯಾ ಎಂದು ಕೇಳಬೇಕಿತ್ತು. ಅರ್ಧ ಪುಟದ ಆ ಒಕ್ಕಣೆ ಎಲ್ಲ ಕ್ರಯಪತ್ರಗಳಲ್ಲೂ ಒಂದೇ ತರಹ, ಓದುತ್ತಾ ಹೋದರೆ ಕಣ್ಣು ಜಾರುತ್ತದೆ. ನಾನು ಪ್ರತಿ ಸಲವೂ ಅಲ್ಲಿ ನಿಲ್ಲುತ್ತೇನೆ. ಬಾಗಿಲು ಹಾಕಿದ ಕೋಣೆ, ಆಚೆ ಕಾಯುತ್ತಿರುವ ಗಂಡ, ಒಳಗೆ ಇಪ್ಪತ್ತು ವರ್ಷದ ಹುಡುಗಿ, ಎದುರಿಗೆ ಪರಿಚಯವಿಲ್ಲದ ಅಧಿಕಾರಿ. ಆಕೆ ಬೇಡ ಎನ್ನಬಹುದಿತ್ತು, ಕಾನೂನಿನ ಮಟ್ಟಿಗೆ. ಕೊನೆಯಲ್ಲಿ ಆಕೆಯ ಸಹಿ, ಇಲ್ಲವೇ ಒಂದು ಕತ್ತರಿ ಗುರುತು. ಅದನ್ನು ನೋಡಿ ಇದು ಅಜ್ಜಿಯ ಕೈಬರಹ ಎಂದು ಮಗಳಿಗೆ ತೋರಿಸಬೇಡಿ. ನೋಂದಣಿ ಪುಸ್ತಕದಲ್ಲಿರುವುದು ಗುಮಾಸ್ತ ಮಾಡಿಕೊಂಡ ನಕಲು. ಆಕೆಯ ಕೈ ಮುಟ್ಟಿದ ಕಾಗದ ಸಿಕ್ಕರೆ ಅದು ಬಿಡಿ ಕಾಗದಗಳ ಪೊಟ್ಟಣದಲ್ಲಿ, ರಸೀದಿಗಳ ನಡುವೆ.

ಗಂಡನ ಸಾವಿನ ಕಾಗದಗಳು ಜಾರ್ಜಿಯಾದಲ್ಲಿ ಅವರಿದ್ದ ಕೌಂಟಿಯ ಪ್ರೊಬೇಟ್ ಕೋರ್ಟಿನಲ್ಲಿ, ಅಂದರೆ ಸತ್ತವರ ಆಸ್ತಿ ನೋಡುವ ಕೋರ್ಟಿನಲ್ಲಿರಬೇಕು, ಆಗ ಅದನ್ನು ಕೋರ್ಟ್ ಆಫ್ ಆರ್ಡಿನರಿ ಎನ್ನುತ್ತಿದ್ದರು. 1863ರ ಆಸ್ತಿಪಟ್ಟಿ ಸಿಕ್ಕರೆ ಬೆಲೆಗಳನ್ನು ನೋಡಿ ಬೆರಗಾಗಬೇಡಿ, ಅವು ಕಾನ್ಫೆಡರೇಟ್ ನೋಟಿನ, ಅಂದರೆ ಅಂತರ್ಯುದ್ಧದಲ್ಲಿ ಬೇರೆಯಾಗಿ ನಿಂತ ದಕ್ಷಿಣ ರಾಜ್ಯಗಳ ನೋಟಿನ ಲೆಕ್ಕ, ಆ ದುಡ್ಡು ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿತ್ತು. ಜಾರ್ಜಿಯಾದಲ್ಲಿ ವಿಧವೆಗೂ ಮಕ್ಕಳಿಗೂ ಹನ್ನೆರಡು ತಿಂಗಳ ಜೀವನೋಪಾಯಕ್ಕೆಂದು ಸಾಲ ಕೊಟ್ಟವರಿಗಿಂತ ಮೊದಲು ಆಸ್ತಿಯಲ್ಲಿ ಒಂದು ಭಾಗ ಎತ್ತಿಡುವ ಕ್ರಮವಿತ್ತು. ಆ ಪಟ್ಟಿ ಓದಿ. ಎಷ್ಟು ಮೆಕ್ಕೆಜೋಳ, ಎಷ್ಟು ಹಂದಿಮಾಂಸ, ಯಾವ ಹಸು ಎಂದು ಬರೆದಿರುತ್ತದೆ. ಆಮೇಲೆ ಹರಾಜಿನ ಪಟ್ಟಿ. ತಾನು ಮಲಗಿದ ಹಾಸಿಗೆಯನ್ನು, ತಾನು ನೂತ ರಾಟೆಯನ್ನು ವಿಧವೆಯೇ ಕೂಗಿ ಕೊಂಡ ಪಟ್ಟಿಗಳನ್ನು ನೋಡಿದ್ದೇನೆ. ಎದುರಿನ ಕಾಲಮ್ಮಿನಲ್ಲಿ ಯಾರ್‍ಯಾರು ಏನು ಕೊಂಡರು ಎಂದಿರುತ್ತದೆ. ಅವಳ ಅಣ್ಣತಮ್ಮಂದಿರು ಆ ದಿನ ಅಲ್ಲಿಗೆ ಬಂದಿರುತ್ತಾರೆ.

ಮಕ್ಕಳ ಪಾಲಕತ್ವದ ಕಾಗದವನ್ನೂ ಕೇಳಿ. ತಾಯಿ ಬದುಕಿದ್ದರೂ ಅಪ್ಪ ಸತ್ತ ಮಕ್ಕಳನ್ನು ಕಾನೂನು ‘ಅನಾಥರು’ ಎಂದೇ ಕರೆಯುತ್ತಿತ್ತು, ಅವರ ಆಸ್ತಿಗೆ ಒಬ್ಬ ಪಾಲಕನನ್ನು ನೇಮಿಸುತ್ತಿತ್ತು. ಆ ಪದ ಓದಿ ತಾಯಿಯೂ ಸತ್ತಳು ಎಂದುಕೊಂಡವರು ಬಹಳ ಜನ. ಪಾಲಕ ಅನೇಕ ಸಲ ಮಕ್ಕಳ ಸೋದರಮಾವ. ಅವನ ಮನೆತನದ ಹೆಸರೇ ನಿಮ್ಮ ಅಜ್ಜಿಯ ತವರು. ಪ್ರತಿ ವರ್ಷ ಅವನು ಲೆಕ್ಕ ಒಪ್ಪಿಸಬೇಕಿತ್ತು, ಯಾವ ಮಗುವಿಗೆ ಎಷ್ಟು ಜೊತೆ ಬೂಟು, ಶಾಲೆಗೆ ಎಷ್ಟು ಫೀಸು ಎಂದು.

ಯುದ್ಧದ ವರ್ಷಗಳಿಗೆ ಜಾರ್ಜಿಯಾದಲ್ಲಿ ಒಂದು ಅಪರೂಪದ ದಾಖಲೆಯಿದೆ, ಉಪ್ಪಿನ ಪಟ್ಟಿ. ಬಂದರುಗಳಿಗೆ ದಿಗ್ಬಂಧನ ಬಿದ್ದು ಉಪ್ಪು ಸಿಗದಂತಾದಾಗ, ಉಪ್ಪಿಲ್ಲದೆ ಮಾಂಸ ಕೆಡದಂತೆ ಇಡುವ ಬೇರೆ ದಾರಿಯೇ ಇಲ್ಲದಾಗ, ರಾಜ್ಯ ಸರ್ಕಾರ ಸೈನಿಕರ ವಿಧವೆಯರಿಗೂ ಹೆಂಡಿರಿಗೂ ಉಪ್ಪು ಹಂಚಿತು. 1862ರಿಂದ 1864ರ ನಡುವೆ ಕೌಂಟಿವಾರು ಬರೆದ ಆ ಪಟ್ಟಿಗಳಲ್ಲಿ ಹೆಂಗಸರು ತಮ್ಮದೇ ಹೆಸರಿನಲ್ಲಿದ್ದಾರೆ. ಮೂಲಗಳು ಮಾರೋ ಪಟ್ಟಣದ ಜಾರ್ಜಿಯಾ ಪತ್ರಾಗಾರದಲ್ಲಿವೆ, ನಿಮ್ಮಲ್ಲಿಂದ ಒಂದು ದಿನದ ಪ್ರಯಾಣವಷ್ಟೇ. ಹೋಗಿ ನೋಡಿ. ಮುಂದೆ 1890ರ ದಶಕದಲ್ಲಿ ಜಾರ್ಜಿಯಾ ರಾಜ್ಯ ಕಾನ್ಫೆಡರೇಟ್ ಸೈನಿಕರ ವಿಧವೆಯರಿಗೆ ಪಿಂಚಣಿ ಕೊಡಲು ಶುರುಮಾಡಿತು. ಈ ಪಿಂಚಣಿ ಫೆಡರಲ್ ಸರ್ಕಾರದ್ದಲ್ಲ, ಗಂಡ ಯಾವ ರಾಜ್ಯದ ಪಡೆಯಲ್ಲಿದ್ದರೂ ವಿಧವೆ ವಾಸವಿದ್ದ ರಾಜ್ಯದಲ್ಲೇ ಅರ್ಜಿ ಹಾಕಬೇಕಿತ್ತು. ಮರುಮದುವೆಯಾಗದೆ ಉಳಿದಿದ್ದರೆ ಆಕೆಯ ಅರ್ಜಿ ಇರಬಹುದು. ಎಲ್ಲಿ, ಯಾವಾಗ ಮದುವೆಯಾದಿರಿ, ಗಂಡ ಹೇಗೆ ಸತ್ತರು, ಈಗ ಏನು ಮಾಡಿ ಜೀವಿಸುತ್ತಿದ್ದೀರಿ ಎಂಬ ಪ್ರಶ್ನೆಗಳಿಗೆ ಆಕೆಯ ಉತ್ತರವನ್ನು ಯಾರೋ ಬರೆದುಕೊಂಡಿರುತ್ತಾರೆ. ನಲವತ್ತು ವರ್ಷದ ವೈಧವ್ಯದಲ್ಲಿ ಆಕೆಯದೇ ಮಾತಿಗೆ ಹತ್ತಿರದ್ದು ಅದೊಂದೇ ಆಗಿರಬಹುದು.

ಡೈರಿ ಸಿಗುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಮೇಲೆ ಹೇಳಿದ ಗರ್ಟ್ರೂಡ್ ಥಾಮಸ್ 1848ರಿಂದ 1889ರವರೆಗೆ, ನಡುನಡುವೆ ಬಿಟ್ಟು, ಡೈರಿ ಬರೆದರು. ಉಳಿದ 13 ಸಂಪುಟಗಳು ಡ್ಯೂಕ್ ವಿಶ್ವವಿದ್ಯಾಲಯದಲ್ಲಿವೆ. ನಿಮ್ಮ ಅಜ್ಜಿಗಿಂತ ಮೂರು ವರ್ಷ ಚಿಕ್ಕವರು, ಅದೇ ಆಗಸ್ಟಾ ಸೀಮೆಯವರು. ದೊಡ್ಡ ಶ್ರೀಮಂತರ ಮಗಳು, ಕಾಲೇಜು ಓದಿದವರು. ಯುದ್ಧದ ನಂತರ ಗಂಡನ ಸಾಲದಲ್ಲಿ ಆಸ್ತಿ ಕರಗಿ ಶಾಲೆಯಲ್ಲಿ ಪಾಠ ಹೇಳಿದರು, 1899ರಲ್ಲಿ ಜಾರ್ಜಿಯಾದ ಮಹಿಳಾ ಮತದಾನ ಸಂಘದ ಅಧ್ಯಕ್ಷರಾದರು. ನಿಮ್ಮ ಅಜ್ಜಿಯದು ಇಂಥ ಬದುಕಾಗಿತ್ತು ಎಂದು ನಾನು ಹೇಳುತ್ತಿಲ್ಲ. ಸುತ್ತಲಿನ ಊರು, ಜ್ವರ, ಬೆಲೆ, ಭಯ ಹೇಗಿತ್ತೆಂದು ತಿಳಿಯಲು ಅದನ್ನು ಓದಬಹುದು. ಆ ಡೈರಿಯಲ್ಲಿರುವ ಭಾವನೆಗಳನ್ನು ತಂದು ನಿಮ್ಮ ಅಜ್ಜಿಯ ಎದೆಗೆ ತುಂಬಬೇಡಿ.

ಇನ್ನು ಆ ಕೊನೆಯ ಹಾಳೆ. ಮನೆತನದ ಹೆಸರಿಲ್ಲದ, ಬೇರೆ ಹಾಳೆಯಲ್ಲಿ ಬರೆದ, ಗುಲಾಮಗಿರಿ ಕೊನೆಗೊಂಡ 1865ಕ್ಕೆ ಮುಂಚಿನ ಎರಡು ಹುಟ್ಟುಗಳು. ನೋಡದೆ ಖಚಿತ ಹೇಳಲಾರೆ, ಆದರೆ ದಕ್ಷಿಣದ ಕುಟುಂಬದ ಬೈಬಲ್‌ಗಳಲ್ಲಿ ಇದು ಪದೇಪದೇ ಸಿಗುತ್ತದೆ. ಆ ಮನೆಯವರು ಗುಲಾಮಗಿರಿಯಲ್ಲಿಟ್ಟುಕೊಂಡಿದ್ದ ಯಾರೋ ತಾಯಿಯ ಮಕ್ಕಳು ಅವರು. ಬರೆದದ್ದು ಮಮತೆಗಲ್ಲ, ಆಸ್ತಿಯ ಲೆಕ್ಕಕ್ಕೆ, ವಯಸ್ಸಿನ ಮೇಲೆ ಬೆಲೆಯೂ ತೆರಿಗೆಯೂ ನಿಂತಿದ್ದವು. ನಿಮಗೂ ನಿಮ್ಮ ಯಜಮಾನರಿಗೂ ಇದನ್ನು ಓದಿ ಮನಸ್ಸು ಕುಸಿಯಬಹುದು. ಆದರೂ ಮಗಳಿಂದ ಆ ಹಾಳೆ ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

1850, 1860ರ ಗಣತಿಗಳಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ. ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ, ಹೆಸರಿಲ್ಲ. ನಿಮ್ಮ ಅಜ್ಜಿಯ ಗಂಡನ ಹೆಸರಿನ ಕೆಳಗೆ 1860ರಲ್ಲಿ ನಾಲ್ಕು ವರ್ಷದ ಒಂದು ಹೆಣ್ಣು, ಒಂದು ವರ್ಷದ ಒಂದು ಗಂಡು ಇದ್ದರೆ ಊಹೆ ಗಟ್ಟಿಯಾಯಿತು. ಅವರ ತಾಯಿ ಎಲ್ಲಿಂದ ಬಂದಳು? ಇಲ್ಲಿ ಎರಡು ಹುಡುಕಾಟಗಳೂ ಒಂದೇ ಆಗಿಬಿಡುತ್ತವೆ. ಮದುವೆಯಾಗಿ ಹೋಗುವ ಮಗಳಿಗೆ ಅಪ್ಪಂದಿರು ಬಳುವಳಿಯಾಗಿ ಮನುಷ್ಯರನ್ನೇ ಕೊಡುತ್ತಿದ್ದರು. ಅಳಿಯನಿಗೆ ಸಾಲ ಕೊಟ್ಟವರು ಎಳೆದುಕೊಂಡು ಹೋಗದಿರಲಿ ಎಂದು ‘ಅವಳ ಸ್ವಂತ ಮತ್ತು ಪ್ರತ್ಯೇಕ ಉಪಯೋಗಕ್ಕೆ’ ಎಂದು ಟ್ರಸ್ಟಿನ ಪತ್ರ ಬರೆಸುತ್ತಿದ್ದರು. ಆ ಪತ್ರದಲ್ಲಿ ಮಗಳ ಹೆಸರೂ ಇರುತ್ತದೆ, ಕೊಟ್ಟ ಹುಡುಗಿಯ ಹೆಸರೂ ಇರುತ್ತದೆ. ನಿಮ್ಮ ಅಜ್ಜಿಯ ತವರು ಸಿಕ್ಕರೆ ಅದು ಆ ಇನ್ನೊಬ್ಬ ತಾಯಿಯ ಹೆಸರಿನ ಪಕ್ಕದಲ್ಲೇ ಸಿಗುವ ಸಂಭವ ಹೆಚ್ಚು.

ಮನೆ ಯಜಮಾನರ ಕಾಗದಗಳಿಂದ ಗುಲಾಮಗಿರಿಯಲ್ಲಿದ್ದ ಹೆಂಗಸಿನ ಬದುಕು ಹೊರಬಂದದ್ದಕ್ಕೆ ಹ್ಯಾರಿಯೆಟ್ ಜೇಕಬ್ಸ್ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1813ರಲ್ಲಿ ಉತ್ತರ ಕೆರೊಲಿನಾದ ಈಡನ್‌ಟನ್‌ನಲ್ಲಿ ಹುಟ್ಟಿದವರು. 1825ರಲ್ಲಿ ಒಡತಿ ಸತ್ತಾಗ ಉಯಿಲಿನಲ್ಲಿ ಅವರನ್ನು ಮೂರು ವರ್ಷದ ಕೂಸೊಂದಕ್ಕೆ ಬರೆದಿಟ್ಟರು. ಆ ಕೂಸಿನ ಅಪ್ಪನ ಕಾಟ ತಾಳದೆ ಅಜ್ಜಿಯ ಮನೆಯ ಅಟ್ಟದಲ್ಲಿ ಏಳು ವರ್ಷದ ಹತ್ತಿರ ಅಡಗಿ ಕೂತು, 1842ರಲ್ಲಿ ಉತ್ತರಕ್ಕೆ ತಪ್ಪಿಸಿಕೊಂಡರು. 1861ರಲ್ಲಿ ಬೇರೆ ಹೆಸರಿನಲ್ಲಿ ಅವರು ಪ್ರಕಟಿಸಿದ ಆತ್ಮಕಥೆಯನ್ನು ವಿದ್ವಾಂಸರು ಬಹುಕಾಲ ಕಟ್ಟುಕಥೆ ಎಂದೇ ನಂಬಿದ್ದರು. 1980ರ ದಶಕದಲ್ಲಿ ಜೀನ್ ಫೇಗನ್ ಯೆಲಿನ್ ಅವರು ಹಳೆಯ ಪತ್ರಗಳು, ಉಯಿಲು, ಆ ಯಜಮಾನನ ಮನೆತನದ ಕಾಗದ, ಅವನೇ 1835ರಲ್ಲಿ ಹಾಕಿಸಿದ ‘ಓಡಿಹೋಗಿದ್ದಾಳೆ’ ಎಂಬ ಜಾಹೀರಾತು ಇವನ್ನೆಲ್ಲ ಒಂದೊಂದಾಗಿ ಎದುರುಬದುರು ಇಟ್ಟು, ಬರೆದದ್ದೆಲ್ಲ ನಡೆದದ್ದೇ ಎಂದು ತೋರಿಸಿಕೊಟ್ಟರು. ಹಿಡಿದು ತರಲೆಂದು ಬರೆಸಿದ ಕಾಗದವೇ ಆಕೆಯ ಪರ ಸಾಕ್ಷಿಯಾಯಿತು.

ಅಂಥದ್ದೇ ಒಂದು ಕಾಗದ ನಿಮ್ಮ ಮನೆಯಲ್ಲಿದೆ. ಆಫ್ರಿಕನ್ ಅಮೆರಿಕನ್ ಕುಟುಂಬಗಳು ಹಿಂದಕ್ಕೆ ಹುಡುಕುತ್ತಾ ಬಂದು 1870ರಲ್ಲಿ ಗೋಡೆಗೆ ಮುಟ್ಟುತ್ತವೆ. ಅವರೆಲ್ಲರ ಹೆಸರು ಗಣತಿಯಲ್ಲಿ ಬಂದದ್ದು ಆ ವರ್ಷವೇ ಮೊದಲು. ಆ ಗೋಡೆಯಾಚೆಯ ಎರಡು ಹುಟ್ಟಿದ ದಿನಗಳು ನಿಮ್ಮ ಬೈಬಲಿನಲ್ಲಿವೆ, ಬೇರೆ ಎಲ್ಲೂ ಇಲ್ಲದೆಯೂ ಇರಬಹುದು. ಆ ಹಾಳೆಯ ಪ್ರತಿಯನ್ನು ಪತ್ರಾಗಾರಕ್ಕೆ ಕೊಡಿ, ಹೆಸರು ಹುಡುಕಿದರೆ ಸಿಗುವಂತೆ ಸೂಚಿ ಮಾಡಿಸಿ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆಂದು ತೆರೆದ ಫ್ರೀಡ್‌ಮನ್ಸ್ ಬ್ಯಾಂಕಿಗೆ ಆಗಸ್ಟಾದಲ್ಲೇ ಶಾಖೆಯಿತ್ತು. ಖಾತೆ ತೆರೆಯುವವರನ್ನು ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರು ಕೇಳಿ ಬರೆದುಕೊಂಡ ಪುಸ್ತಕಗಳು ಉಳಿದಿವೆ. 1865ರ ನಂತರದ ಕೂಲಿ ಕರಾರುಗಳು, 1867ರ ಮತದಾರರ ನೋಂದಣಿ ಇವೂ ಇವೆ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲು 1870ರ ಗಣತಿ ತೆಗೆಯಿರಿ. ನಿಮ್ಮ ಅಜ್ಜಿಯ ಮನೆ ಸಿಕ್ಕಿದ ಮೇಲೆ ಅದರ ಹಿಂದೆ ಮುಂದೆ ಒಂದೊಂದೇ ಮನೆ ಓದುತ್ತಾ ಹೋಗಿ. 1856ರ ಮಾರ್ಚಿನಲ್ಲಿ ಹುಟ್ಟಿದ ಹುಡುಗಿಗೆ ಆ ವರ್ಷ ಹದಿನಾಲ್ಕು. ಎರಡು ಮೂರು ವರ್ಷ ಆಚೀಚೆ ಬರೆದಿರಬಹುದು, ಅಷ್ಟಕ್ಕೆ ಬಿಡಬೇಡಿ. ಪಕ್ಕದಲ್ಲಿ ಹನ್ನೊಂದರ ಒಬ್ಬ ತಮ್ಮ, ಮೇಲೆ ಒಬ್ಬ ತಾಯಿ ಇದ್ದಾರೆಯೇ ನೋಡಿ. ಹಳೆಯ ಯಜಮಾನನ ಮನೆತನವನ್ನೇ ಇಟ್ಟುಕೊಂಡಿರುತ್ತಾರೆ ಎಂದುಕೊಳ್ಳಬೇಡಿ, ಬಹಳ ಜನ ಬೇರೆಯದನ್ನು ಆರಿಸಿಕೊಂಡರು. ಆ ಮನೆ ಸಿಕ್ಕರೆ ಹುಡುಗಿಯ ಪೂರ್ತಿ ಹೆಸರನ್ನು ನನಗೂ ಬರೆದು ತಿಳಿಸಿ.